ಫೋಟೋದಲ್ಲಿ ಇಲ್ಲದ ನೀಲಿ ಬಾಗಿಲು

ಇಂಥ ಬರಹಗಳನ್ನು ಒಂದು ಕಾಲದಲ್ಲಿ ನಾನು ಓದುತ್ತಿದ್ದುದೇ ಅವುಗಳಲ್ಲಿ ತಪ್ಪು ಹುಡುಕುವುದಕ್ಕೆ. ಕನಸಿನಲ್ಲಿ ಅಜ್ಜಿ ಬಂದು ಹೇಳಿದ್ದು ನಿಜವಾಯಿತು ಎಂದು ಯಾರಾದರೂ ಬರೆದಿದ್ದರೆ, ನಿಜವಾಗದ ಕನಸುಗಳನ್ನು ಇವರು ಯಾಕೆ ಬರೆದು ಕಳಿಸುವುದಿಲ್ಲ ಎಂದು ಕೇಳುತ್ತಿದ್ದೆ. ಕೇಳುವುದಷ್ಟೇ ಅಲ್ಲ, ಕೇಳಿ ಗೆಲ್ಲುತ್ತಿದ್ದೆ. ಹಾವೇರಿಯಲ್ಲಿ ಕಾಲೇಜು ಓದುವಾಗ ಸುತ್ತಮುತ್ತ ಎಲ್ಲಿ ಚರ್ಚಾಸ್ಪರ್ಧೆ ನಡೆದರೂ ನಾನು ಹಾಜರು. ಆಗ ಬಹುಮಾನಕ್ಕೆ ಸ್ಟೀಲಿನ ತಾಟು ಕೊಡುತ್ತಿದ್ದರು. ನಮ್ಮ ಮನೆಗೆ ಬೀಗರು ಬಂದರೆ ಊಟಕ್ಕೆ ಇಡುತ್ತಿದ್ದುದು ಆ ತಾಟುಗಳನ್ನೇ. "ದೇವರು ದೆವ್ವ ಎಲ್ಲಾ ಸುಳ್ಳು ಅಂತ ಹೇಳಿ ಗೆದ್ದ ತಾಟಿನ್ಯಾಗ ಪ್ರಸಾದ ನೀಡಾಕತ್ತೇನಿ ನೋಡ್ರಿ" ಎಂದು ನಮ್ಮವ್ವ ಬಂದವರ ಮುಂದೆ ನಗುತ್ತಿದ್ದಳು.

ಈಗ ಅಂಥದೇ ಬರಹವೊಂದನ್ನು ನಾನೇ ಬರೆಯಲು ಕುಳಿತಿದ್ದೇನೆ. ಎದುರು ಕುಳಿತವರು ಏನೇನು ಪ್ರಶ್ನೆ ಎತ್ತಬಹುದೋ ಎಲ್ಲವೂ ನನಗೆ ಗೊತ್ತು; ಅವನ್ನೆಲ್ಲ ನಾನೇ ನನಗೆ ಎತ್ತಿಕೊಂಡಿದ್ದೇನೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಮುಂದಿನದು ನಿಮಗೆ ಬಿಟ್ಟದ್ದು.

ಮೊಬೈಲಿನಲ್ಲಿ ಚಿತ್ರ ನೋಡುವ ಕಾಲ ಇನ್ನೂ ಬಂದಿರಲಿಲ್ಲ. ನನ್ನ ಜೊತೆ ಓದಿದ ಮಂಜುನಾಥ ಹಾವೇರಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸೈಬರ್ ಸೆಂಟರ್ ನಡೆಸುತ್ತಿದ್ದ. ಅವನಿಗೆ ವೆಬ್‌ಸೈಟ್ ಕಟ್ಟಲು ಬರುತ್ತಿತ್ತು, ನನಗೆ ಮಾತು ಬರುತ್ತಿತ್ತು. ಇಬ್ಬರೂ ಸೇರಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಮಾರಾಟಕ್ಕಿರುವ ಮನೆಗಳನ್ನು ಇಂಟರ್‌ನೆಟ್ಟಿನಲ್ಲಿ ತೋರಿಸುವ ಕೆಲಸ ಶುರುಮಾಡಿದೆವು. ಅಲ್ಲಿಯವರೆಗೆ ಮನೆ ಮಾರುವುದೆಂದರೆ ದಲ್ಲಾಳಿಯ ಬಾಯಿಮಾತು. "ಮನಿ ಅಂದ್ರ ಅರಮನಿರೀ" ಎಂದು ಅವನು ಕರೆದುಕೊಂಡು ಹೋಗುತ್ತಿದ್ದ. ಹೋದವರು ಮುಖ ಸಣ್ಣದು ಮಾಡಿಕೊಂಡು ಹೊರಗೆ ಬರುತ್ತಿದ್ದರು. ಸುಳ್ಳು ಹೇಳದೆ, ಇದ್ದದ್ದನ್ನೇ ಚೆನ್ನಾಗಿ ತೋರಿಸಿದರೆ ದೂರದ ಊರಿನವರೂ ಕೊಳ್ಳುತ್ತಾರೆ ಎನ್ನುವುದು ನಮ್ಮ ವಾದ.

ಫೋಟೋ ತೆಗೆಯುವುದು ನನ್ನ ಪಾಲಿಗೆ ಬಂತು. ನಾಲ್ಕಾರು ಮನೆಗಳಲ್ಲಿ ಕೆಟ್ಟ ಫೋಟೋ ತೆಗೆದ ಮೇಲೆ ಒಂದಷ್ಟು ಕಲಿತೆ. ಕೊಳ್ಳುವವನು ಮನೆಯೊಳಗೆ ನಡೆದುಬರುವ ಕ್ರಮದಲ್ಲಿಯೇ ಚಿತ್ರಗಳಿರಬೇಕು: ಮೊದಲು ಹೊಸ್ತಿಲು, ಆಮೇಲೆ ಪಡಸಾಲೆ, ನಡುಮನೆ, ಅಡಿಗೆಮನೆ, ಹಿತ್ತಲು. ಗೋಡೆಯ ಮೇಲಿನ ಕ್ಯಾಲೆಂಡರು, ಹಗ್ಗದ ಮೇಲಿನ ಬಟ್ಟೆ ತೆಗೆಸಬೇಕು. ಹಾಗೆಂದು ಪೂರ್ತಿ ಬರಿದು ಮಾಡಿದರೆ ಮನೆ ಬಿಕೋ ಎನ್ನುತ್ತದೆ, ಮೂಲೆಯಲ್ಲೊಂದು ತಾಮ್ರದ ಕೊಡ ಇರಲಿ. ಕನ್ನಡದಲ್ಲಿ ಬರೆದದ್ದು ಬೇರೆಯವರ ಕಂಪ್ಯೂಟರಿನಲ್ಲಿ ಚೌಕಚೌಕವಾಗಿ ಕಾಣುತ್ತಿದ್ದ ಕಾಲ ಅದು. ಹಾಗಾಗಿ ಹೇಳಬೇಕಾದದ್ದನ್ನೆಲ್ಲ ಚಿತ್ರಗಳೇ ಹೇಳಬೇಕಾಗಿತ್ತು.

ಹೀಗೆ ನಮ್ಮ ಕೈಗೆ ಬಂದದ್ದು ಬ್ಯಾಡಗಿಯ ಗಿರಿಜಕ್ಕನ ಮನೆ. ಗಿರಿಜಕ್ಕ ಮನೆಯಲ್ಲಿಯೇ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಗಂಡ ಶಿವಪ್ಪ ಬಸ್ ಕಂಡಕ್ಟರ್; ರಾಣೆಬೆನ್ನೂರು ಡಿಪೋಕ್ಕೆ ವರ್ಗವಾಗಿತ್ತು. ಅಲ್ಲಿ ಗಿರಿಜಕ್ಕ ಒಂದು ಮನೆ ನೋಡಿ ಬಂದಿದ್ದಳು. ಬೀದಿಗೆ ತೆರೆದ ದೊಡ್ಡ ಕೋಣೆ, ಎರಡು ಕಡೆ ಕಿಟಕಿ, ಎಂಟು ಮಷಿನ್ ಸಾಲಾಗಿ ಇಡಬಹುದು. ಆ ಮನೆಯವರು ಯುಗಾದಿಯ ತನಕ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಕೊಡುತ್ತೇವೆ ಎಂದಿದ್ದರು. ಬ್ಯಾಡಗಿಯದು ಮಾರದೆ ಅದನ್ನು ಕೊಳ್ಳುವ ಹಾಗಿರಲಿಲ್ಲ. ಬರೀ ಬಟ್ಟೆ ಹೊಲಿದು ಕಣ್ಣು ಕೆಡಿಸಿಕೊಂಡ ಹೆಣ್ಣುಮಗಳು ನನಗೆ ಹೇಳಿದ್ದು ಒಂದೇ ಮಾತು. "ನನಗ ಬೆಳಕಿನ್ಯಾಗ ಕುಂತು ಹೊಲೀಬೇಕು ನೋಡ ತಂಗಿ. ಇಲ್ಲೆ ಸೂಜ್ಯಾಗ ದಾರ ಪೋಣಸಾಕ ಅಂಗಳಕ್ಕ ಹೋಗಬೇಕು."

ಮಾತು ಉತ್ಪ್ರೇಕ್ಷೆಯಲ್ಲ. ಅದು ಪಾಲಾದ ಮನೆ. ಶಿವಪ್ಪ ಮತ್ತು ಅವನ ಅಣ್ಣ ಚೆನ್ನಪ್ಪ ಬೇರೆಯಾದಾಗ ನಡುಮನೆಯ ನಟ್ಟನಡುವೆ ಗೋಡೆ ಎದ್ದಿತ್ತು. ಇದ್ದೊಂದು ಕಿಟಕಿ ಅಣ್ಣನ ಪಾಲಿಗೆ ಹೋಯಿತು, ಹಿತ್ತಲು ತಮ್ಮನ ಪಾಲಿಗೆ ಬಂತು. ಕಿಟಕಿಯ ಮಾತಿಗೆ ಶುರುವಾದ ಜಗಳದಲ್ಲಿ ಅಣ್ಣತಮ್ಮಂದಿರ ಹೆಂಡಿರಿಬ್ಬರೂ ಮಾತು ಬಿಟ್ಟಿದ್ದರು. ಗಂಡಸರೂ ಹೆಂಡಿರ ಮುಖ ನೋಡಿ ಬಿಟ್ಟರು. ಚೆನ್ನಪ್ಪನದು ಹಿಟ್ಟಿನ ಗಿರಣಿ. ಗಿರಿಜಕ್ಕ ತನ್ನ ಜೋಳ ಬೀಸಿಸಲು ಊರ ಆ ತುದಿಯ ಗಿರಣಿಗೆ ಹೋಗುತ್ತಿದ್ದಳು. ದಲ್ಲಾಳಿ ಕರೆತಂದವರೆಲ್ಲ ಆ ಕತ್ತಲ ನಡುಮನೆಯಲ್ಲಿ ನಿಂತು, ಗೋಡೆ ನೋಡಿ, ಹಿಂದೆ ಹೋಗಿದ್ದರು.

ನಾನು ಮಂಜುನಾಥನನ್ನು ಕರೆದುಕೊಂಡು ಹೋದದ್ದು ಮೆಣಸಿನಕಾಯಿ ಹಂಗಾಮಿನಲ್ಲಿ. ಮೋಟೆಬೆನ್ನೂರು ದಾಟುವಾಗಲೇ ಬಸ್ಸಿನಲ್ಲಿ ಒಬ್ಬೊಬ್ಬರಾಗಿ ಸೀನತೊಡಗಿದ್ದರು. ಗಿರಿಜಕ್ಕನ ಮನೆಯಲ್ಲಿ ಬೆಳಗಿನ ಬಿಸಿಲು ಹಿತ್ತಲಿನ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಒಂದು ಬಿಳಿ ಚಾದರ ಹಿಡಿದು ಬಿಸಿಲನ್ನು ನಡುಮನೆಗೆ ತಿರುಗಿಸುವುದು ನನ್ನ ಉಪಾಯ. ಚಾದರದ ಒಂದು ತುದಿ ಮಂಜುನಾಥ, ಇನ್ನೊಂದು ತುದಿ ಗಿರಿಜಕ್ಕ. ಸೀನು ಬಂದಾಗೆಲ್ಲ ಚಾದರ ಅಲುಗಿ ಬೆಳಕು ಗೋಡೆಯ ಮೇಲೆ ನೀರಿನ ಹಾಗೆ ಆಡುತ್ತಿತ್ತು. ಕೊನೆಗೊಮ್ಮೆ ಎಲ್ಲರೂ ಉಸಿರು ಬಿಗಿಹಿಡಿದಾಗ ಒಳ್ಳೆಯ ಚಿತ್ರ ಸಿಕ್ಕಿತು: ಸುಣ್ಣ ಬಳಿದ ಗೋಡೆ, ಮುಂದೆ ಹೊಲಿಗೆಯ ಮಷಿನ್, ಮೂಲೆಯಲ್ಲಿ ತಾಮ್ರದ ಕೊಡ, ಎಲ್ಲದರ ಮೇಲೆ ತೆಳ್ಳನೆಯ ಬೆಳಕು. ಗಿರಿಜಕ್ಕ ಕ್ಯಾಮೆರಾದ ಪುಟ್ಟ ಪರದೆ ನೋಡಿ, "ಇದ ನಮ್ಮನೀನ ಏನು?" ಎಂದಳು.

ಚಿತ್ರ ವೆಬ್‌ಸೈಟಿಗೆ ಏರಿದ ಮೇಲೆ ಮೊದಲ ಕರೆ ಹುಬ್ಬಳ್ಳಿಯಿಂದ ಬಂತು. ಬ್ಯಾಂಕಿನಲ್ಲಿ ಕೆಲಸ ಮಾಡುವವರು. ಬೆಲೆ ಕೇಳಿದರು, ನೀರಿನ ಅನುಕೂಲ ಕೇಳಿದರು, ಆಮೇಲೆ ಕೇಳಿದರು: "ನಡಮನ್ಯಾಗ ನೀಲಿ ಬಾಗಲಾ ಐತೆಲ್ರೀ, ಅದು ಎಲ್ಲಿಗೆ ಹೋಗತೈತಿ?"

ಅಲ್ಲಿ ಬಾಗಿಲಿಲ್ಲ ಎಂದೆ. ಐತಿ ಎಂದರು. ನೀವು ಬೇರೆ ಮನೆಯ ಚಿತ್ರ ನೋಡಿದ್ದೀರಿ ಎಂದೆ. ಮಷಿನ್ನಿನ ಬಣ್ಣ, ಕೊಡದ ಜಾಗ ಹೇಳಿದರು, ಅದೇ ಚಿತ್ರ. ನಾನು ವಾದಕ್ಕಿಳಿದೆ. ಅವರು, "ಮನಿ ಮಾರಾಕ ಕುಂತೀರೋ, ನನ್ನ ಕಣ್ಣು ತಪಾಸ ಮಾಡಾಕ ಕುಂತೀರೋ?" ಎಂದು ಫೋನ್ ಇಟ್ಟುಬಿಟ್ಟರು.

ಎರಡನೆಯವರು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟವರು. ಆ ನೀಲಿ ಬಣ್ಣದ ಒಂಟಿ ಕದದ ಆಚೆ ದೇವರ ಮನೆಯೋ, ಕೂಡುವ ಕೋಣೆಯೋ ಎಂದು ಕೇಳಿದರು. ನಾನು ಫೋನ್ ಹಿಡಿದುಕೊಂಡೇ ಮಂಜುನಾಥನ ಕಡೆ ನೋಡಿದೆ. ಅವನು ಚಿತ್ರ ತೆರೆದ. ಗೋಡೆ. ಸೈಬರಿಗೆ ಬಂದ ಕಾಲೇಜು ಹುಡುಗರನ್ನೆಲ್ಲ ಕರೆದು ತೋರಿಸಿದ. ಗೋಡೆ. "ಇಷ್ಟ್ಯಾಕ ತಲಿ ಕೆಡಿಸ್ಕೋತಿ? ಬಾಗಲಾ ಇದ್ರ ಇನ್ನೂ ಛಲೋ ರೇಟ್ ಬರತೈತಿ. ಹೂಂ ಅಂದಬಿಡು" ಎಂದು ನಕ್ಕ.

ಮೂರನೆಯ ಕರೆ ಪುಣೆಯಿಂದ. ತಲೆಮಾರಿನ ಹಿಂದೆ ಈ ಕಡೆಯಿಂದ ಹೋದ ಮನೆತನದ ಹೆಣ್ಣುಮಗಳು, ಬ್ಯಾಡಗಿಯನ್ನು ಕಣ್ಣಾರೆ ಕಂಡವಳಲ್ಲ. "ಮೆಣಸಿನಕಾಯಿ ಘಾಟು ಫೋಟೋದಾಗ ಬರೂದಿಲ್ಲ, ಅದೊಂದ ಛಲೋ ಆತು" ಎಂದು ನಗೆಯಾಡಿ, ವ್ಯವಹಾರದ ದನಿಯಲ್ಲಿ ಕೇಳಿದಳು: "ಆ ನೀಲಿ ಬಾಗಲದ ಕೆಳಗ, ಎಡಗಡೆ ಮೂಲ್ಯಾಗ, ಅರ್ಧ ಚಂದ್ರನಂಗ ತಗಡು ಹೊಡದೀರಲ್ಲ, ಇಲಿ ಕಡದಾವೇನು? ಅದನ್ನ ಬದಲಿ ಮಾಡಿ ಕೊಡತೀರೋ, ಹಂಗ ಕೊಡತೀರೋ?"

ಈ ಸಲ ನಾನು ವಾದ ಮಾಡಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ತಗಡಿನ ಮಾತನ್ನು ಮಾತ್ರ ಯಾರಿಗೂ ಹೇಳದೆ ಇಟ್ಟುಕೊಂಡೆ, ಮಂಜುನಾಥನಿಗೂ. ಮುಂದೆ ಇನ್ನೊಬ್ಬರು ಕರೆ ಮಾಡಿ ತಾವಾಗಿಯೇ ತಗಡು ಎಂದರೆ ಅದು ಯಾರೋ ಹೇಳಿಕೊಟ್ಟ ಆಟವೋ ಅಲ್ಲವೋ ಗೊತ್ತಾಗುತ್ತದೆ ಎಂದು. ಪರೀಕ್ಷೆಯ ಪ್ರಶ್ನೆಗಳನ್ನು ಯಾರೂ ಮೊದಲೇ ಹಂಚುವುದಿಲ್ಲ.

ಆಟ ಎಂದು ನಾನು ಆಗ ನಂಬಿದ್ದೆ. ಬ್ಯಾಡಗಿಯ ದಲ್ಲಾಳಿಯೇ ಮಾಡಿಸುತ್ತಿದ್ದಾನೆ ಎಂದು ಅವನನ್ನು ಹುಡುಕಿಕೊಂಡು ಹೋಗಿ ಕೇಳಿಯೂ ಬಂದೆ. ಅವನು ಚಹಾ ತರಿಸಿದ. "ಯವ್ವಾ, ಆ ಇಲಿ ಹಿಡಕೊಂಡು ಏನ ಮಾಡತೀರಿ ಅನ್ನೂದ ನನಗ ಗೊತ್ತಿಲ್ಲ. ಅದರಾಗ ನಾ ಬಾಗಲಾ ಎಲ್ಲಿಂದ ಕುಂದ್ರಸಲಿ?" ಇಲಿ ಎಂದದ್ದು ಕಂಪ್ಯೂಟರಿನ ಮೌಸಿಗೆ. ಅವನ ಮುಖ ನೋಡಿ ಆ ಅನುಮಾನ ಬಿಟ್ಟೆ.

ಬೀಜದ ಅಂಗಡಿಯವರನ್ನು ಹಾವೇರಿಗೆ ಬಂದಾಗ ಸೈಬರಿಗೆ ಬನ್ನಿ ಎಂದು ಕೇಳಿಕೊಂಡಿದ್ದೆ. ಬಂದರು. ಆಗ ಚಿತ್ರಗಳು ಮೇಲಿನಿಂದ ಕೆಳಕ್ಕೆ, ಪರದೆ ಇಳಿಬಿಟ್ಟಂತೆ ನಿಧಾನವಾಗಿ ತೆರೆದುಕೊಳ್ಳುತ್ತಿದ್ದವು. ತೊಲೆ ಬಂತು, ಗೋಡೆ ಬಂತು, ಮಷಿನ್ ಬಂತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇಲ್ಲೇ ಇತ್ತಲ್ರೀ" ಎಂದು ಬೆರಳು ಇಟ್ಟರು. ಅವರ ದನಿಯಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವನ ನಾಚಿಕೆ ಇರಲಿಲ್ಲ, ಇಟ್ಟ ವಸ್ತು ಇಟ್ಟಲ್ಲಿ ಸಿಗದವನ ಗಲಿಬಿಲಿ ಇತ್ತು. ನಾನು ನನ್ನ ಹಣೆಯ ಟಿಕಳಿ ಕಿತ್ತು ಪರದೆಯ ಮೇಲೆ ಆ ಜಾಗಕ್ಕೆ ಅಂಟಿಸಿದೆ. ಕೊಡದಿಂದ ತುಸು ಬಲಕ್ಕೆ, ಮಷಿನ್ನಿನ ಹಿಂದೆ.

ಅವರು ಹೋದ ಮೇಲೆ ಆ ಟಿಕಳಿ ನೋಡುತ್ತ ಕುಳಿತಾಗ ನನಗೆ ವಿವರಣೆ ಹೊಳೆಯಿತು. ಹೊಳೆದ ಖುಷಿಗೆ ಮರುದಿನವೇ ಬ್ಯಾಡಗಿಗೆ ಹೋದೆ. ಶಿವಪ್ಪನಿಗೆ ವಾರದ ರಜೆ. ಪಡಸಾಲೆಯಲ್ಲಿ ಅಡ್ಡಾಗಿದ್ದವನು ಎದ್ದು ಬಂದ. ಗಿರಿಜಕ್ಕ ಮಷಿನ್ ತುಳಿಯುತ್ತಲೇ ಎಲ್ಲ ಕೇಳಿಸಿಕೊಂಡಳು. ಇಲ್ಲಿ ಹಿಂದೆ ಬಾಗಿಲೇನಾದರೂ ಇತ್ತೇ ಎಂದು ಕೇಳಿದೆ.

"ಈ ಗ್ವಾಡಿ ಕಟ್ಟಾಗ ಇಟ್ಟಂಗಿ ಹೊತ್ತಾವ ನಾನ" ಎಂದ ಶಿವಪ್ಪ. "ಬಾಗಲಾ ಇಡೂದಿದ್ರ ಗ್ವಾಡಿ ಯಾಕ ಕಟ್ಟತಿದ್ವಿ?"

ನನಗೆ ಬೇಕಾದದ್ದೂ ಅದೇ ಉತ್ತರ. ಗೋಡೆಯಲ್ಲಿ ಟಿಕಳಿಯ ಜಾಗ ತೋರಿಸಿ ಹೇಳತೊಡಗಿದೆ. ಈ ಕೋಣೆಗೆ ಕಿಟಕಿ ಇಲ್ಲ. ಆದರೆ ನಾವು ಚಾದರ ಹಿಡಿದು ಬೆಳಕು ತಂದಿದ್ದೇವೆ. ನೋಡುವವರ ಕಣ್ಣಿಗೆ ಬೆಳಕು ಕಾಣುತ್ತದೆ, ಅದು ಬರುವ ದಾರಿ ಕಾಣುವುದಿಲ್ಲ. ಮನುಷ್ಯನ ಬುದ್ಧಿ ಅಂಥ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಬೆಳಕು ಬರಬೇಕಾದ ಕಡೆ ಒಂದು ಬಾಗಿಲು ಕಲ್ಪಿಸಿಕೊಳ್ಳುತ್ತದೆ. ಪುಣೆಯ ಹೆಣ್ಣುಮಗಳು, ಹುಬ್ಬಳ್ಳಿಯವರು, ರಾಣೆಬೆನ್ನೂರಿನವರು, ಮೂವರೂ ಮಾಡಿದ್ದು ಇದನ್ನೇ. ಮೈಕು ಕೆಟ್ಟರೂ ಸಭೆ ನಡೆಸುವ ಗಂಟಲು ನನ್ನದು. ಮಾತು ಮುಗಿದಾಗ ಹೊಲಿಗೆ ಕಲಿಯುವ ಹುಡುಗಿಯರು ಚಪ್ಪಾಳೆ ತಟ್ಟುವುದೊಂದು ಬಾಕಿ.

ಆಗ ಗೋಡೆಯ ಆಚೆಯಿಂದ ಒಂದು ದನಿ ಬಂತು.

"ಒಂಟಿ ಕದಾನೋ, ಜೋಡಿ ಕದಾನೋ?"

ಗಿರಿಜಕ್ಕನ ಮಷಿನ್ ನಿಂತಿತು. ಅದು ಶಂಕ್ರವ್ವ, ಚೆನ್ನಪ್ಪನ ಹೆಂಡತಿ. ಒಂದೇ ಇಟ್ಟಿಗೆಯ ಗೋಡೆ. ಇಷ್ಟು ವರ್ಷ ಅದರ ಎರಡೂ ಕಡೆ ಪಾತ್ರೆಯ ಸದ್ದು, ಕೆಮ್ಮು, ಮಕ್ಕಳ ಅಳು ಎಲ್ಲ ದಾಟಿತ್ತು, ಮಾತು ಮಾತ್ರ ದಾಟಿರಲಿಲ್ಲ. ಶಿವಪ್ಪ ಅಲ್ಲಿಯೇ ನೆಲಕ್ಕೆ ಕುಳಿತ. ಗಿರಿಜಕ್ಕ ದನಿ ತಗ್ಗಿಸಿ ನನಗೆ ಹೇಳಿದಳು: "ನನ್ನ ಕೇಳಿಲ್ಲ ಅದು. ನಿನ್ನ ಕೇಳ್ಯಾರ. ಹೇಳು."

"ಒಂಟಿ ಕದಾ ಅಂತರೀ" ಎಂದೆ ನಾನು, ಗೋಡೆಗೆ.

"ನೀಲಿ ಅಂತ?"

"ಹೌದರಿ."

ಆಮೇಲೆ ಬಂತು: "ಮನಿ ಮಾರಾಕತ್ತಾರ ಅಂತ ಪುಣೇದಾಕಿಗೆ ಗೊತ್ತು. ಹುಬ್ಬಳ್ಳ್ಯಾವಗೂ ಗೊತ್ತು. ಗ್ವಾಡಿ ಬಾಜೂಕ ಇದ್ದವರಿಗೆ ಹೇಳಾಕ ಬಾಯಿ ಬಿದ್ದಿತ್ತೇನ ಅಂತ ಕೇಳಬೇ ಹುಡುಗಿ."

"ಕೇಳಾಕ ಅವರ ಬಾಯಿ ಎಲ್ಲಿ ಹೋಗಿತ್ತು ಅಂತ ನೀ ಕೇಳು" ಎಂದಳು ಗಿರಿಜಕ್ಕ, ನನ್ನ ಕಡೆ ನೋಡುತ್ತ.

ನಮ್ಮ ಕಡೆ ಪಾಲಾದ ಮನೆ ಮಾರುವುದಿದ್ದರೆ ಮೊದಲು ಆಚೆ ಪಾಲಿನವರನ್ನು ಕೇಳುವುದು ರೂಢಿ. ಇವರು ಬಂದು ಕೇಳಲಿ ಎಂದು ಅವರು ಕಾದಿದ್ದರು. ಅವರೇ ಕೇಳಲಿ, ನಾವ್ಯಾಕೆ ಹೋಗಬೇಕು ಎಂದು ಇವರು. ನಾನು ಆ ಮನೆಯನ್ನು ಲೋಕಕ್ಕೆಲ್ಲ ತೋರಿಸಿದ್ದೆ. ಗೋಡೆಯ ಆಚೆ ಇದ್ದವರಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಆದರೂ ನಾನು ಅದನ್ನು ತಿರುಗಿ ಹೇಳುವವರೆಗೆ ಕಾಯುತ್ತಿದ್ದರು. ಎರಡೂ ಕಡೆಯ ವಾದವನ್ನು ನಾನೊಬ್ಬಳೇ ಮಂಡಿಸಿದ ಚರ್ಚೆ ನನ್ನ ಜೀವನದಲ್ಲಿ ಅದೊಂದೇ.

ಕಿಟಕಿಯ ಮಾತು ಬಂತು, ಯಾವುದೋ ಸೀಮಂತಕ್ಕೆ ಕರೆಯದ ಮಾತು ಬಂತು. "ಆಕೀ ಜೋಳ ಬೀಸೂದು ನಮ್ಮ ಗಿರಣಿಗೆ ಭಾರ ಆಗತಿತ್ತೇನ ಅಂತ ಕೇಳು" ಎಂದಾಗ ಶಂಕ್ರವ್ವನ ದನಿ ಸ್ವಲ್ಪ ಒಡೆಯಿತು. ಶಿವಪ್ಪ ಎದ್ದು ಚಪ್ಪಲಿ ಮೆಟ್ಟಿ ಬೀದಿಗಿಳಿದು, ಸುತ್ತಿ ಹೋಗಿ, ಅಣ್ಣನ ಮನೆಯ ಬಾಗಿಲು ಬಡಿದ. ಬಡಿದದ್ದು ನಮಗೆ ಗೋಡೆಯೊಳಗಿಂದಲೇ ಕೇಳಿತು.

ತಮ್ಮನ ಪಾಲನ್ನು ಚೆನ್ನಪ್ಪನೇ ಕೊಂಡುಕೊಂಡ. ಯುಗಾದಿಗೆ ಮೊದಲೇ ಗಿರಿಜಕ್ಕ ರಾಣೆಬೆನ್ನೂರಿನ ಮನೆಗೆ ಹೋದಳು. ಗೃಹಪ್ರವೇಶಕ್ಕೆ ನಾನೂ ಮಂಜುನಾಥನೂ ಹೋಗಿದ್ದೆವು. ಎರಡು ಕಿಟಕಿಯ ನಡುವೆ ಮಷಿನ್ ಇಟ್ಟು, ನಮಗೆ ತೋರಿಸಲೆಂದೇ ಗಿರಿಜಕ್ಕ ಕುಳಿತಲ್ಲಿಯೇ ಸೂಜಿಗೆ ದಾರ ಪೋಣಿಸಿದಳು. ವೆಬ್‌ಸೈಟಿನಿಂದ ಬ್ಯಾಡಗಿ ಮನೆಯ ಚಿತ್ರ ತೆಗೆದುಹಾಕಿದೆವು. ಮತ್ತೊಂದು ಕರೆ ಬರಲಿಲ್ಲ, ನನ್ನ ಪರೀಕ್ಷೆಗೆ ಫಲಿತಾಂಶವೂ ಸಿಗಲಿಲ್ಲ. ಬೆಳಕಿನ ವಿವರಣೆಯನ್ನು ಮಾತ್ರ ನಾನು ಸಿಕ್ಕಸಿಕ್ಕವರಿಗೆ ಹೇಳಿ ಮೆಚ್ಚುಗೆ ಪಡೆಯುತ್ತಿದ್ದೆ. ನೀಲಿ ಬಣ್ಣ ಯಾಕೆ ಎಂದು ಯಾರಾದರೂ ಕೇಳಿದರೆ, ನಮ್ಮ ಕಡೆ ಬಾಗಿಲುಗಳಿಗೆ ನೀಲಿ ಬಳಿಯುವುದು ಹೆಚ್ಚು ಎನ್ನುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಬೇರೊಂದು ಮನೆಯ ಫೋಟೋಕ್ಕೆ ಬ್ಯಾಡಗಿಗೆ ಹೋಗಿದ್ದೆ. ಶಂಕ್ರವ್ವ ಬೀದಿಯಲ್ಲಿ ಕಂಡು ಕೈಹಿಡಿದು ಕರೆದುಕೊಂಡು ಹೋದಳು. "ಬಾರಬೇ ವಕೀಲವ್ವ, ನಿನ್ನ ಬಾಗಲಾ ನೋಡ ಬಾ."

ಗೋಡೆ ಒಡೆದು ಬಾಗಿಲು ಇಟ್ಟಿದ್ದರು. ಟಿಕಳಿ ಇಟ್ಟ ಜಾಗದಲ್ಲಿಯೇ. ಒಂಟಿ ಕದ, ನೀಲಿ ಬಣ್ಣ. ಅಣ್ಣನ ಪಾಲಿನ ಕಿಟಕಿಯ ಬೆಳಕು ಅದರಿಂದ ಹಾಯ್ದು ಗಿರಿಜಕ್ಕ ಹೊಲಿಯಲು ಕುಳಿತಿರುತ್ತಿದ್ದ ನೆಲದ ಮೇಲೆ ಬಿದ್ದಿತ್ತು. "ಮಂದಿ ಎಲ್ಲಾ ನೀಲಿ ಅಂದ್ರಂತಲ್ಲ, ಇರವಲ್ಲದ್ಯಾಕ ಅಂತ ನೀಲೀನ ಬಳಿಸಿದೆ. ಗಿರಿಜಾ ಬಂದ್ರ ಹಿಂಗ ಹಾಯ್ದು ಸೀದಾ ಅಡಗಿಮನಿಗೆ ಹೋಗಿಬಿಡತಾಳ, ಕೇಳೂದಿಲ್ಲ ಬಿಡೂದಿಲ್ಲ" ಎಂದು ಶಂಕ್ರವ್ವ ನಕ್ಕಳು.

ನನಗೂ ನಗೆ ಬಂತು. ಎಷ್ಟು ಸರಳ ನೋಡಿ: ಜಾಗ ತೋರಿಸಿದ್ದು ನಾನು, ಬಣ್ಣ ಹೇಳಿದ್ದು ನಾನು, ಒಂಟಿ ಕದ ಎಂದದ್ದೂ ನಾನೇ. ಅದನ್ನೇ ಕೇಳಿ ಇವರು ಬಾಗಿಲು ಮಾಡಿಸಿದ್ದಾರೆ. ಹಾಗೆಂದುಕೊಳ್ಳುತ್ತಲೇ ನನ್ನ ಕಣ್ಣು ಕೆಳಗಿಳಿಯಿತು.

ಎಡಗಡೆಯ ಮೂಲೆಯಲ್ಲಿ ತಗಡು ಹೊಡೆದಿತ್ತು. ಅರ್ಧ ಚಂದ್ರನ ಹಾಗೆ.

ನಾನು ಕುಕ್ಕರಗಾಲಿನಲ್ಲಿ ಕುಳಿತು ಅದನ್ನು ಮುಟ್ಟಿ ನೋಡಿದೆ. ನೀಲಿ ಬಣ್ಣ ತಗಡಿನ ಮೇಲೆ ಸರಿಯಾಗಿ ಹಿಡಿದಿರಲಿಲ್ಲ; ಮೊಳೆಗಳು ಹಳೆಯವು, ತುಕ್ಕು ಹಿಡಿದವು. ಯಾರು ಹೊಡೆಸಿದ್ದು ಎಂದು ಕೇಳಿದೆ.

"ಅದಾ? ಅದು ಬರೂವಾಗನ ಇತ್ತವಾ. ರಾಣೆಬೆನ್ನೂರಾಗ ಹಳೇ ಕಟಗಿ ಮಾರೂ ಅಂಗಡ್ಯಾಗಿಂದ ನಮ್ಮವರು ತಂದ್ರು. ಯಾರ ಮನೀದೋ ಏನೋ. ಇಲಿ ಕಡದಿದ್ದವು ಕಾಣತೈತಿ. ತಗಡು ಕೀಳಸೂನು ಅಂದ್ರ ಕದಾ ಸೀಳತೈತಿ ಅಂದ ಬಡಿಗ್ಯಾ. ಹಂಗ ಬಿಟ್ವಿ." ಶಂಕ್ರವ್ವ ನನ್ನ ಮುಖ ನೋಡಿದಳು. "ಯಾಕ, ಏನಾತು? ಚಹಾ ಮಾಡಲೇನು?"

ಹಾವೇರಿಗೆ ಬಂದು ಪುಣೆಯ ಆ ಹೆಣ್ಣುಮಗಳಿಗೆ ಫೋನ್ ಮಾಡಿದೆ. ಮನೆ ನೆನಪಿತ್ತು, ಮೆಣಸಿನಕಾಯಿಯ ನಗೆಚಾಟಿಕೆ ನೆನಪಿತ್ತು, ಹೊಲಿಗೆಯ ಮಷಿನ್ನೂ ನೆನಪಿತ್ತು. ಬಾಗಿಲು, ತಗಡು? "ನಾ ಹಂಗ ಕೇಳಿದ್ನೇನ್ರೀ? ನೆನಪಿಲ್ಲ ನೋಡ್ರಿ" ಎಂದಳು. ಅವಳಿಗೆ ನೆನಪಿಲ್ಲ, ಅವಳು ಹೇಳಿದ್ದನ್ನು ಕೇಳಿದವಳು ನಾನೊಬ್ಬಳೇ, ಯಾರಿಗೂ ಹೇಳದೆ ಬಚ್ಚಿಟ್ಟವಳೂ ನಾನೇ. ನನ್ನ ವಾದಕ್ಕೆ ನಾನೊಬ್ಬಳೇ ಸಾಕ್ಷಿ. ಇಂಥ ಸಾಕ್ಷಿಯನ್ನು ಬೇರೆ ಯಾರಾದರೂ ತಂದಿದ್ದರೆ ನಾನು ವೇದಿಕೆಯ ಮೇಲೆ ಅವರನ್ನು ಹಿಟ್ಟು ಮಾಡಿಬಿಡುತ್ತಿದ್ದೆ.

ನೀವೂ ಮಾಡಬಹುದು. ನೆನಪು ಹಿಂದಿನಿಂದ ತಿದ್ದಿಕೊಂಡಿತು ಎನ್ನಿ. ತಗಡು ನೋಡಿದ ಮೇಲೆ ಅವಳು ತಗಡು ಎಂದಿದ್ದಳು ಎಂದು ನನಗೆ ಅನ್ನಿಸಿತು ಎನ್ನಿ. ಅದೇ ಒಳ್ಳೆಯ ವಾದ, ಎಷ್ಟೋ ದಿನ ನಾನೂ ಅದನ್ನೇ ಹಿಡಿದುಕೊಂಡಿದ್ದೆ. ಆದರೆ ಆ ಕರೆ ಬಂದ ದಿನ ಫೋನ್ ಇಟ್ಟಾದ ಮೇಲೆ "ಏನಂದ್ಲು?" ಎಂದು ಮಂಜುನಾಥ ಕೇಳಿದ್ದು, ನಾನು ಹೇಳಬೇಕೆಂದು ಬಾಯಿ ತೆರೆದು ಬೇಡವೆಂದು ಮುಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ. "ಏನ ಮುಚ್ಚಿಡಾಕತ್ತಿ?" ಎಂದು ಅವನು ಕಾಡಿದ್ದು ಅವನಿಗೂ ನೆನಪಿದೆ. ಏನನ್ನು ಮುಚ್ಚಿಟ್ಟೆ ಎನ್ನುವುದು ಅವನಿಗೆ ಆಗ ಗೊತ್ತಿರಲಿಲ್ಲ, ಅಷ್ಟೇ.

ಚಾದರ ಹಿಡಿದು ತೆಗೆದ ಆ ಚಿತ್ರ ಇನ್ನೂ ನನ್ನ ಹತ್ತಿರ ಇದೆ. ಕೆಲಸವಿಲ್ಲದಾಗ ತೆರೆದು ನೋಡುತ್ತೇನೆ. ತಾಮ್ರದ ಕೊಡದಿಂದ ತುಸು ಬಲಕ್ಕೆ, ಮಷಿನ್ನಿನ ಹಿಂದೆ, ಕಣ್ಣು ನೋಯುವಷ್ಟು ನೋಡುತ್ತೇನೆ. ಸುಣ್ಣದ ಗೋಡೆ, ಅದರ ಮೇಲೆ ತೆಳ್ಳನೆಯ ಬೆಳಕು. ಇವತ್ತಿನವರೆಗೆ ನನಗೆ ಅಷ್ಟೇ ಕಂಡಿದೆ.